ಕರೆಂಟ್ ಕೊಟ್ಟರೆ ಸೂಕ್ಷ್ಮಜೀವಿ ಏನು ಕೊಡುತ್ತದೆ? ಮಂಡ್ಯದ ಡಿಸ್ಟಿಲರಿ ಗ್ಯಾಸಿಗೆ ನಾಲ್ಕು ದಾರಿ

ಕಾಕಂಬಿ ಹುದುಗುವ ಟ್ಯಾಂಕಿನ ಕಬ್ಬಿಣದ ಮೆಟ್ಟಿಲು ಹತ್ತಿ ನಿಂತರೆ ಮೊದಲು ಗೊತ್ತಾಗುವುದು ಮೂಗಿಗೆ. ಸೋಡಾ ಕುಡಿದು ತೇಗಿದಾಗ ಮೂಗಿನೊಳಗೆ ಚುರ್ ಅನ್ನುತ್ತದಲ್ಲ, ಅದೇ ಉರಿ. ಕೆಳಗೆ ಕಂದು ನೊರೆ ಕೊತಕೊತ ಅನ್ನುತ್ತಿರುತ್ತದೆ. ನಾನು ಇನ್ನೂ ಸ್ವಲ್ಪ ಬಗ್ಗಿ ನೋಡಲು ಹೋದಾಗ ಅಲ್ಲಿನ ಆಪರೇಟರ್ ತೋಳು ಹಿಡಿದು ಹಿಂದಕ್ಕೆ ಎಳೆದರು. ಅವರು ಮಾಡಿದ್ದು ಸರಿ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ. ಟ್ಯಾಂಕಿನ ಬಾಯಿಯಲ್ಲೇ ಕೂತಿರುತ್ತದೆ, ಎರಡು ಉಸಿರು ಎಳೆದರೆ ಮನುಷ್ಯ ಅಲ್ಲೇ ಕುಸಿಯಬಹುದು.

ಈ ಗ್ಯಾಸ್ ಎಷ್ಟು ಅಂತ ಲೆಕ್ಕ ಹಾಕುವುದು ಸುಲಭ. ಸಕ್ಕರೆ ಹುದುಗಿ ಆಲ್ಕೋಹಾಲ್ ಆಗುವಾಗ ಒಂದು ಲೀಟರ್ ಆಲ್ಕೋಹಾಲ್‌ಗೆ ಸುಮಾರು 750 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ದಿನಕ್ಕೆ 30,000 ಲೀಟರ್ ತೆಗೆಯುವ ಡಿಸ್ಟಿಲರಿ ಅಂದರೆ 22 ಟನ್‌ಗೂ ಜಾಸ್ತಿ. ಹಿಡಿದು ಬಳಸದಿದ್ದರೆ ಅಷ್ಟೂ ಆಕಾಶಕ್ಕೆ.

ಅಲ್ಲೇ ಕೆಲಸ ಮಾಡುವ ಗೆಳೆಯರೊಬ್ಬರು ಕೇಳಿದರು: "ಕರೆಂಟ್ ಕೊಟ್ಟು ಬ್ಯಾಕ್ಟೀರಿಯಾ ಕೈಲಿ ಇದನ್ನ ಕೆಮಿಕಲ್ ಮಾಡಿಸಬಹುದಂತೆ. ಯಾವುದನ್ನ ಹಿಡಿಯೋದು?" ಮಾಡಿಸಬಹುದು. ಆದರೆ ದಾರಿ ಒಂದಲ್ಲ, ನಾಲ್ಕಿವೆ, ಅವುಗಳ ಖರ್ಚು-ಗಳಿಕೆಯಲ್ಲಿ ಅಜಗಜಾಂತರ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು, ಇದು ನಡೆಯುವುದು ಹೇಗೆ

ಕಬ್ಬಿನ ಎಲೆ ಗಾಳಿಯ ಇಂಗಾಲವನ್ನು ಸಕ್ಕರೆ ಮಾಡುತ್ತದೆ. ಅದಕ್ಕೆ ಬೇಕಾದ ಶಕ್ತಿ ಬಿಸಿಲಿನದು. ಕೆಲವು ಬ್ಯಾಕ್ಟೀರಿಯಾಗಳಿಗೆ ಬಿಸಿಲೇ ಬೇಡ. ಎಲೆಕ್ಟ್ರಾನ್ ಸಿಕ್ಕರೆ ಸಾಕು, ಇಂಗಾಲದ ಡೈಆಕ್ಸೈಡನ್ನು ಒಡೆದು ಬೇರೆ ವಸ್ತು ಕಟ್ಟುತ್ತವೆ. ಕೆರೆಯ ಕೆಸರಿನಲ್ಲಿ, ದನದ ಹೊಟ್ಟೆಯಲ್ಲಿ ಅವು ಹೈಡ್ರೋಜನ್ ತಿಂದು ಇದೇ ಕೆಲಸ ಮಾಡುತ್ತಿರುತ್ತವೆ. ಆ ಎಲೆಕ್ಟ್ರಾನನ್ನು ತಂತಿಯಿಂದಲೇ ಕೊಟ್ಟರೆ?

2010ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಕೆಲ್ಲಿ ನೆವಿನ್, ಡೆರೆಕ್ ಲವ್ಲಿ ಮತ್ತು ಜೊತೆಗಾರರು ಇದನ್ನು ಮಾಡಿ ತೋರಿಸಿದರು. ಸ್ಪೊರೊಮ್ಯೂಸಾ ಓವೇಟಾ ಎಂಬ ಬ್ಯಾಕ್ಟೀರಿಯಾ ಗ್ರಾಫೈಟ್ ಮೇಲೆ ತೆಳುವಾಗಿ ಹಬ್ಬಿ, ಅಲ್ಲಿಂದ ಎಲೆಕ್ಟ್ರಾನ್ ತೆಗೆದುಕೊಂಡು, ಇಂಗಾಲದ ಡೈಆಕ್ಸೈಡಿನಿಂದ ಅಸಿಟೇಟ್ ಮಾಡಿತು. ಕೊಟ್ಟ ಎಲೆಕ್ಟ್ರಾನ್‌ಗಳಲ್ಲಿ ಶೇಕಡಾ 85ಕ್ಕೂ ಹೆಚ್ಚು ಉತ್ಪನ್ನದಲ್ಲೇ ಸಿಕ್ಕಿದವು. ಅಸಿಟೇಟ್ ಅಂದರೆ ನಮ್ಮ ಅಡುಗೆಮನೆಯ ವಿನಿಗರ್‌ನಲ್ಲಿರುವ ಆಸಿಡ್‌ನ ಇನ್ನೊಂದು ರೂಪ. ನನಗೆ ಇವತ್ತಿಗೂ ಇದು ಮೈ ಜುಂ ಅನ್ನಿಸುವ ಸಂಗತಿ. ತಂತಿಯ ತುದಿಯಲ್ಲಿ ಗ್ಯಾಸ್ ಆಹಾರದ ಹುಳಿಯಾಗುತ್ತದೆ, ಅಲ್ವಾ!

ನಿಮ್ಮ ಗ್ಯಾಸ್ ಎಂಥದ್ದು?

ಬ್ಯಾಕ್ಟೀರಿಯಾ ಆರಿಸುವ ಮುಂಚೆ ಇದನ್ನು ನೋಡಿ. ಹುದುಗುವ ಟ್ಯಾಂಕಿನ ಗ್ಯಾಸ್ ಬಂಗಾರದಂಥದ್ದು. ನೀರಾವಿ, ಸ್ವಲ್ಪ ಆಲ್ಕೋಹಾಲ್ ಆವಿ ತೊಳೆದು ತೆಗೆದರೆ ಉಳಿಯುವುದು ಹೆಚ್ಚುಕಡಿಮೆ ಶುದ್ಧ ಇಂಗಾಲದ ಡೈಆಕ್ಸೈಡ್. ಆಲ್ಕೋಹಾಲ್ ತೆಗೆದ ಮೇಲೆ ಉಳಿಯುವ ಕೊಳೆ ನೀರು, ಅಂದರೆ ಸ್ಪೆಂಟ್ ವಾಶ್, ಅದನ್ನು ಕೊಳೆಸುವ ಮುಚ್ಚಿದ ಟ್ಯಾಂಕ್ ಡೈಜೆಸ್ಟರ್. ಅದರ ಬಯೋಗ್ಯಾಸಿನಲ್ಲೂ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇದೇ ಇರುತ್ತದೆ. ಜೊತೆಗೆ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಆದರೆ ಆಮ್ಲಜನಕ ಇರುವುದಿಲ್ಲ.

ಬಾಯ್ಲರ್ ಚಿಮಣಿಯ ಹೊಗೆ ಬೇರೆ. ಅದರಲ್ಲಿ ಬಹುಪಾಲು ಸಾರಜನಕ, ಮೇಲೆ ಸುಡದೆ ಉಳಿದ ಆಮ್ಲಜನಕ. ಅಸಿಟೇಟ್ ಮಾಡುವ ಬ್ಯಾಕ್ಟೀರಿಯಾಕ್ಕೂ ಮೀಥೇನ್ ಮಾಡುವ ಜೀವಿಗೂ ಆಮ್ಲಜನಕ ವಿಷ. ಆಲೆಮನೆ ಹೊಗೆಯನ್ನು ಬಳಸಬಹುದಾ ಅಂತ ಪಾಂಡವಪುರ ಕಡೆಯ ರೈತರೊಬ್ಬರು ಕೇಳಿದ್ದರು. ತೆರೆದ ಒಲೆ, ಗಾಳಿ ಬೇಕಾದಷ್ಟು ಬೆರೆತಿರುತ್ತದೆ. ಆ ಹೊಗೆಯನ್ನು ಶುದ್ಧ ಮಾಡುವ ಖರ್ಚಿಗೆ ಇನ್ನೊಂದು ಆಲೆಮನೆ ಕಟ್ಟಬಹುದು. ಅದನ್ನು ಬಿಟ್ಟುಬಿಡಿ.

ದಾರಿ 1: ನೇರವಾಗಿ ಎಲೆಕ್ಟ್ರೋಡಿನ ಮೇಲೆ ಅಸಿಟಿಕ್ ಆಸಿಡ್

ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮಂಡ್ಯ ಕಡೆಯ ಕಾಲೇಜೊಂದರ ಹುಡುಗರ ಪ್ರಾಜೆಕ್ಟ್‌ಗೆ ಜೊತೆಯಾಗಿದ್ದೆ. ಎರಡು ಗಾಜಿನ ಬಾಟಲಿ, ಮಧ್ಯೆ ಕೊಳವೆ, ಕೊಳವೆಯಲ್ಲಿ ಒಂದು ಮೆಂಬ್ರೇನ್. ಒಂದು ಕಡೆ ಬೆಂಕಿಪೆಟ್ಟಿಗೆಯಷ್ಟು ಕಪ್ಪು ಕಾರ್ಬನ್ ಫೆಲ್ಟ್, ಅದೇ ಕ್ಯಾಥೋಡ್, ಅಂದರೆ ತಂತಿಯಿಂದ ಬಂದ ಎಲೆಕ್ಟ್ರಾನನ್ನು ಬ್ಯಾಕ್ಟೀರಿಯಾಕ್ಕೆ ಕೊಡುವ ಎಲೆಕ್ಟ್ರೋಡ್. ಬಿತ್ತನೆಗೆ ನಾಲೆ ಬಯಲಿನ ಭತ್ತದ ಗದ್ದೆ ಕೆಸರು. ಆ ಕೆಸರನ್ನು ಮೊದಲು 90 ಡಿಗ್ರಿಯಲ್ಲಿ ಕಾಯಿಸಿದೆವು. ಮೀಥೇನ್ ಮಾಡುವ ಜೀವಿಗಳಿಗೆ ಬೀಜಕ (ಶಾಖ ತಾಳುವ ಗಟ್ಟಿ ಚಿಪ್ಪಿನ ರೂಪ) ಕಟ್ಟಲು ಬರುವುದಿಲ್ಲ, ಅವು ಸಾಯುತ್ತವೆ. ಅಸಿಟೇಟ್ ಮಾಡುವ ಹಲವು ಬ್ಯಾಕ್ಟೀರಿಯಾಗಳು ಬೀಜಕವಾಗಿ ಕೂತು ಬದುಕುತ್ತವೆ. ಕಾಯಿಸದೆ ಹಾಕಿದರೆ ಗ್ಯಾಸ್ ಪೂರ್ತಿ ಮೀಥೇನ್ ಆಗಿ ಹೋಗುವ ಅಪಾಯ ಜಾಸ್ತಿ.

ಮೂರು ವಾರ ಏನೂ ಕಾಣಲಿಲ್ಲ. ನಾಲ್ಕನೇ ವಾರ ಸಿರಿಂಜಿನಲ್ಲಿ ಸ್ವಲ್ಪ ತೆಗೆದು, ಎರಡು ಹನಿ ಆಸಿಡ್ ಬೆರೆಸಿ ಮೂಗಿನ ಬಳಿ ಹಿಡಿದಾಗ ವಿನಿಗರ್ ವಾಸನೆ ಬಂತು. ಹುಡುಗಿಯೊಬ್ಬಳು ಕುಣಿದೇಬಿಟ್ಟಳು. ಒಂದು ಸೋಮವಾರ ಬೆಳಗ್ಗೆ ಹೋಗಿ ನೋಡಿದರೆ ಬಾಟಲಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ನೀರಿನಲ್ಲಿ ರೆಸಜುರಿನ್ ಎಂಬ ಬಣ್ಣ ಹಾಕಿದ್ದೆವು. ಆಮ್ಲಜನಕ ಇಲ್ಲದಾಗ ಅದಕ್ಕೆ ಬಣ್ಣವಿರುವುದಿಲ್ಲ, ಸ್ವಲ್ಪ ಗಾಳಿ ಒಳಬಂದರೂ ಗುಲಾಬಿ. ರಬ್ಬರ್ ಕಾರ್ಕಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಕಾರ್ಕ್ ಬದಲಿಸಿ ಹಳೇ ಹದಕ್ಕೆ ತರಲು ಹತ್ತು ದಿನ ಬೇಕಾಯಿತು.

ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಯೋಗ ಇಲ್ಲ. ಕಾರ್ಖಾನೆಗೆ ತಂದರೆ ಮಾತ್ರ ಎರಡು ಕಡೆ ಸಿಕ್ಕಿಕೊಳ್ಳುತ್ತೇವೆ.

ಒಂದು, ಜಾಗ. ಒಂದು ಅಣು ಅಸಿಟಿಕ್ ಆಸಿಡ್ ಕಟ್ಟಲು 8 ಎಲೆಕ್ಟ್ರಾನ್ ಬೇಕು. ಅಂದರೆ ಗಂಟೆಗೆ 1 ಕೆಜಿ ಮಾಡಲು, ಒಂದೂ ಪೋಲಾಗದಿದ್ದರೂ, ಸುಮಾರು 3,570 ಆಂಪಿಯರ್. ಬ್ಯಾಕ್ಟೀರಿಯಾ ಕೂತ ಎಲೆಕ್ಟ್ರೋಡ್ ಸಾಮಾನ್ಯವಾಗಿ ಚದರ ಮೀಟರಿಗೆ 10 ಆಂಪಿಯರ್ ಆಸುಪಾಸು ಎಳೆಯುತ್ತದೆ. ನಮ್ಮ 30,000 ಲೀಟರ್ ಡಿಸ್ಟಿಲರಿಯ ಎಲ್ಲಾ ಗ್ಯಾಸನ್ನೂ ಹೀಗೆ ಆಸಿಡ್ ಮಾಡಬೇಕಾದರೆ ಎಲೆಕ್ಟ್ರೋಡಿನ ಹರವು ಸುಮಾರು 57 ಎಕರೆ ಆಗುತ್ತದೆ. 57 ಎಕರೆ ಗದ್ದೆಗೆ ಕಪ್ಪು ಕಂಬಳಿ ಹೊದಿಸಿದ ಹಾಗೆ ಅಂದುಕೊಳ್ಳಿ. ಫೆಲ್ಟಿನ ಒಳಮೈ ಬಳಸಿ, ಸುತ್ತಿ, ಅಡಕವಾಗಿ ಜೋಡಿಸಬಹುದು. ಲ್ಯಾಬಿನಲ್ಲಿ ಹತ್ತು ಪಟ್ಟು ಜಾಸ್ತಿ ಎಳೆದವರೂ ಇದ್ದಾರೆ. ಆದರೂ ದೊಡ್ಡದೇ.

ಎರಡು, ನೀರು. ಬಾಟಲಿಯಲ್ಲಿ ಆಸಿಡ್ ಲೀಟರಿಗೆ 10 ಗ್ರಾಂ ಮುಟ್ಟಿದರೆ ಒಳ್ಳೆ ಫಲಿತಾಂಶ ಅನ್ನುತ್ತಾರೆ. ಅಂದರೆ ಶೇಕಡಾ 1. ಅಂಗಡಿಯ ವಿನಿಗರ್ ಇದರ ನಾಲ್ಕು ಪಟ್ಟು ಹುಳಿ. 1 ಕೆಜಿ ಆಸಿಡ್‌ಗೆ 99 ಕೆಜಿ ನೀರು ಬೇರೆ ಮಾಡಬೇಕು, ಅದರ ಉಗಿ ಖರ್ಚನ್ನು ಡಿಸ್ಟಿಲರಿಯವರಿಗೆ ನಾನು ಹೇಳಿಕೊಡಬೇಕಿಲ್ಲ.

ದಾರಿ 2: ಹೈಡ್ರೋಜನ್ ಮಾಡಿ, ಬಯೋಗ್ಯಾಸ್ ಹೆಚ್ಚಿಸುವುದು

ಇಲ್ಲಿ ಕರೆಂಟ್ ಮತ್ತು ಜೀವಿಯನ್ನು ಬೇರೆ ಬೇರೆ ಪಾತ್ರೆಗೆ ಹಾಕುತ್ತೇವೆ. ಎಲೆಕ್ಟ್ರೊಲೈಸರ್ ನೀರನ್ನು ಒಡೆದು ಹೈಡ್ರೋಜನ್ ಕೊಡುತ್ತದೆ. ಆ ಹೈಡ್ರೋಜನನ್ನು ಜೀವಿಗಳು ತಿನ್ನುತ್ತವೆ. ಎಲೆಕ್ಟ್ರೊಲೈಸರ್ ಚದರ ಮೀಟರಿಗೆ ಸಾವಿರಾರು ಆಂಪಿಯರ್ ಎಳೆಯುವ ಯಂತ್ರ. ಹಾಗಾಗಿ ಆ 57 ಎಕರೆಯ ತಲೆನೋವು ಇಲ್ಲ.

ಮಂಡ್ಯದ ಮಟ್ಟಿಗೆ ಇದರ ದೊಡ್ಡ ಲಾಭ ಬೇರೆಯೇ. ಸ್ಪೆಂಟ್ ವಾಶ್ ಡೈಜೆಸ್ಟರ್ ಇರುವ ಡಿಸ್ಟಿಲರಿಯಲ್ಲಿ ಮೀಥೇನ್ ಮಾಡುವ ಜೀವಿಗಳು ಈಗಾಗಲೇ ಕೋಟಿಗಟ್ಟಲೆ ಇವೆ. ಅವಕ್ಕೆ ಹೈಡ್ರೋಜನ್ ಕೊಟ್ಟರೆ ಬಯೋಗ್ಯಾಸಿನೊಳಗಿನ ಇಂಗಾಲದ ಡೈಆಕ್ಸೈಡನ್ನೇ ತಿಂದು ಮೀಥೇನ್ ಮಾಡುತ್ತವೆ. ಹೊಸ ಜೀವಿ ತರಬೇಕಿಲ್ಲ, ಕಾಯಿಸಿ ಆರಿಸಬೇಕಿಲ್ಲ, ಉತ್ಪನ್ನ ನೀರಿನಿಂದ ತಾನಾಗಿ ಮೇಲೆ ಬರುತ್ತದೆ. ಈ ಕೊನೆಯದು ಸಣ್ಣ ಮಾತಲ್ಲ. ದಾರಿ 1ರಲ್ಲಿ ಬೇರ್ಪಡಿಸುವುದೇ ಅರ್ಧ ಖರ್ಚು, ಇಲ್ಲಿ ಒಂದು ಪೈಪ್ ಸಾಕು.

ಗಮನ ಕೊಡಬೇಕಾದದ್ದು ಎರಡು. ಹೈಡ್ರೋಜನ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನುವಷ್ಟು ಕಡಿಮೆ, ಲೀಟರಿಗೆ 2 ಮಿಲಿಗ್ರಾಂ ಕೂಡ ಇಲ್ಲ. ಸುಮ್ನೆ ಗುಳ್ಳೆ ಬಿಟ್ಟರೆ ಬುಳಬುಳ ಅಂತ ಮೇಲೆ ಹೋಗಿ ಗ್ಯಾಸಿನಲ್ಲಿ ಸೇರುತ್ತದೆ. ಸಣ್ಣ ಗುಳ್ಳೆ ಮಾಡುವ, ಕಲಕುವ ವ್ಯವಸ್ಥೆಗೇ ಹಣ ಹಾಕಬೇಕು. ಇನ್ನೊಂದು, ಇಂಗಾಲದ ಡೈಆಕ್ಸೈಡ್ ಖಾಲಿಯಾದಂತೆ ಡೈಜೆಸ್ಟರಿನ ಹುಳಿ ಇಳಿದು ಪಿಎಚ್ ಏರುತ್ತದೆ. 8.5 ದಾಟಿದರೆ ಜೀವಿಗಳು ಮುನಿಸಿಕೊಳ್ಳುತ್ತವೆ.

ಪ್ರತ್ಯೇಕ ಟ್ಯಾಂಕಿನಲ್ಲೂ ಮಾಡಬಹುದು. ಡೆನ್ಮಾರ್ಕ್‌ನ ಕೋಪನ್‌ಹೇಗನ್ ಬಳಿಯ ಅವೆಡೋರೆಯಲ್ಲಿ ಎಲೆಕ್ಟ್ರೊಕೀಯಾ ಎಂಬ ಕಂಪನಿ 1 ಮೆಗಾವ್ಯಾಟ್ ಗಾತ್ರದಲ್ಲಿ ಇದನ್ನು ನಡೆಸಿ ತೋರಿಸಿತು. ಬಿಸಿಯಲ್ಲಿ, 60 ಡಿಗ್ರಿ ದಾಟಿದರೂ ಖುಷಿಯಾಗಿರುವ ಆರ್ಕಿಯಾ ಎಂಬ, ಬ್ಯಾಕ್ಟೀರಿಯಾಗಿಂತ ಬೇರೆ ಗುಂಪಿನ ಸೂಕ್ಷ್ಮಜೀವಿಗಳು ಅವರ ಕೆಲಸಗಾರರು.

ಸರಿ, ಲೆಕ್ಕ? 1 ಕೆಜಿ ಮೀಥೇನಿಗೆ ಅರ್ಧ ಕೆಜಿ ಹೈಡ್ರೋಜನ್ ಬೇಕು. ಅದಕ್ಕೆ ಸುಮಾರು 26 ಯೂನಿಟ್ ಕರೆಂಟ್. ಆ ಮೀಥೇನ್ ಸುಟ್ಟರೆ ಸಿಗುವ ಶಾಖ ಸುಮಾರು 14 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೆ ಕರೆಂಟ್ ಖರ್ಚೇ 182 ರೂಪಾಯಿ. ಕೇಂದ್ರದ ಸತತ್ ಯೋಜನೆ 2018ರಲ್ಲಿ ಶುರುವಾದಾಗ ಒತ್ತಿದ ಬಯೋಗ್ಯಾಸಿಗೆ ಕೊಟ್ಟ ದರ ಕೆಜಿಗೆ 46 ರೂಪಾಯಿ. ಆಮೇಲೆ ದರ ಏರಿದರೂ 182ರ ಹತ್ತಿರ ಹೋಗುವಂಥದ್ದಲ್ಲ. ಅಂದರೆ ತಂತ್ರ ಸುಲಭ, ದುಡ್ಡು ಕಷ್ಟ. ಹೊರಗೆ ಮಾರಲು ಜಾಗವಿಲ್ಲದ, ಪೋಲಾಗುವ ಹಗಲಿನ ಸೋಲಾರ್ ಕರೆಂಟ್ ಇದ್ದವರಿಗೆ ಮಾತ್ರ ಈ ದಾರಿ.

ದಾರಿ 3: ಪ್ರೋಟೀನ್ ಪುಡಿ

ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಅಮೋನಿಯ, ಜೊತೆಗೆ ಈ ಸಲ ಆಮ್ಲಜನಕ. ಇಷ್ಟು ಕೊಟ್ಟರೆ ಕೆಲವು ಬ್ಯಾಕ್ಟೀರಿಯಾಗಳು ಬೆಳೆದು, ಒಣಗಿಸಿದರೆ ಅರ್ಧಕ್ಕಿಂತ ಜಾಸ್ತಿ ಪ್ರೋಟೀನ್ ಇರುವ ಪುಡಿ ಆಗುತ್ತವೆ. ಫಿನ್ಲೆಂಡಿನ ಸೋಲಾರ್ ಫುಡ್ಸ್ ಕಂಪನಿ ಸೊಲೀನ್ ಹೆಸರಿನಲ್ಲಿ ಇದನ್ನು ಮಾಡುತ್ತಿದೆ. 2022ರಲ್ಲಿ ಸಿಂಗಪುರ ಅದನ್ನು ಆಹಾರವಾಗಿ ಒಪ್ಪಿತು, 2024ರಲ್ಲಿ ವಂಟಾ ಊರಿನಲ್ಲಿ ಕಾರ್ಖಾನೆ ಶುರುವಾಯಿತು.

1 ಕೆಜಿ ಒಣ ಪುಡಿಗೆ ಸುಮಾರು 440 ಗ್ರಾಂ ಹೈಡ್ರೋಜನ್, ಅಂದರೆ 23 ಯೂನಿಟ್ ಕರೆಂಟ್. ಅದೇ 7 ರೂಪಾಯಿ ಲೆಕ್ಕದಲ್ಲಿ 160 ರೂಪಾಯಿ. ಕೋಳಿ, ಮೀನಿನ ಮೇವಾಗಿ ಮಾರಿದರೆ ಸೋಯಾ ಹಿಂಡಿಯ ಮುಂದೆ ನಿಲ್ಲುವುದಿಲ್ಲ. ಮನುಷ್ಯರ ಆಹಾರದ ಪ್ರೋಟೀನ್ ಆಗಿ ಮಾರಿದರೆ ನಿಲ್ಲಬಹುದು. ಆಗ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಒಪ್ಪಿಗೆ, ಸುರಕ್ಷತೆಯ ಪರೀಕ್ಷೆ ಅಂತ ಉದ್ದದ ದಾರಿ. ಒಂದು ಅನುಕೂಲ ಇದೆ. 1950ರಿಂದ ಇರುವ ಆಹಾರ ತಂತ್ರಜ್ಞಾನದ ಕೇಂದ್ರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಮೈಸೂರಿನಲ್ಲೇ ಇದೆ. ಸ್ಪಿರುಲಿನಾ ಪಾಚಿಯನ್ನು ಆಹಾರ ಮಾಡುವ ಕೆಲಸ ಅಲ್ಲಿ ಬಹಳ ಹಿಂದೆಯೇ ನಡೆದಿದೆ. ಹೀಗೆ ಹೊಸ ಪ್ರೋಟೀನನ್ನು ಪರೀಕ್ಷೆ ಮಾಡಬಲ್ಲ ಅನುಭವ ಒಂದು ಗಂಟೆ ಪ್ರಯಾಣದ ದೂರದಲ್ಲಿ ಸಿಗುವ ಜಿಲ್ಲೆಗಳು ದೇಶದಲ್ಲಿ ಎಷ್ಟಿವೆ?

ಎಚ್ಚರಿಕೆಯ ಮಾತೊಂದು: ಹೈಡ್ರೋಜನ್ ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಎಷ್ಟೇ ಇದ್ದರೂ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಈ ದಾರಿಯಲ್ಲಿ ಹೈಡ್ರೋಜನ್, ಆಮ್ಲಜನಕ ಎರಡೂ ಒಂದೇ ಟ್ಯಾಂಕಿಗೆ ಹೋಗುತ್ತವೆ. ಕಾಲೇಜಿನ ಮಕ್ಕಳು ಇದನ್ನು ತಾವಾಗಿ ಮಾಡಲು ಹೋಗಲೇಬಾರದು.

ದಾರಿ 4: ಆಲ್ಕೋಹಾಲ್ ಸೇರಿಸಿ ಕ್ಯಾಪ್ರೊಯಿಕ್ ಆಸಿಡ್

ಇದರ ಬಗ್ಗೆ ಮಾತಾಡುವವರು ಕಡಿಮೆ. ನನಗೆ ಮಂಡ್ಯಕ್ಕೆ ಅತಿ ಹೆಚ್ಚು ಹೊಂದುವುದು ಅನ್ನಿಸುವುದು ಇದೇ.

ಕ್ಲಾಸ್ಟ್ರಿಡಿಯಮ್ ಕ್ಲೂಯ್ವೆರಿ ಎಂಬ ಬ್ಯಾಕ್ಟೀರಿಯಾ ಅಸಿಟೇಟ್ ಮತ್ತು ಆಲ್ಕೋಹಾಲ್ ಎರಡನ್ನೂ ತಿಂದು, ಇಂಗಾಲದ ಸರಪಳಿಯನ್ನು ಎರಡರಿಂದ ನಾಲ್ಕಕ್ಕೆ, ನಾಲ್ಕರಿಂದ ಆರಕ್ಕೆ ಉದ್ದ ಮಾಡುತ್ತದೆ. ಆರು ಇಂಗಾಲದ ಆ ಆಸಿಡ್ಡೇ ಕ್ಯಾಪ್ರೊಯಿಕ್. ಮೇಕೆಗೆ ಲ್ಯಾಟಿನ್‌ನಲ್ಲಿ ಇರುವ ಹೆಸರಿನಿಂದ ಬಂದ ಪದ ಅದು, ಮುಚ್ಚಳ ತೆರೆದರೆ ಹೋತದ ಪಕ್ಕ ನಿಂತ ಹಾಗೇ ವಾಸನೆ. ಪರಿಮಳದ ವಸ್ತುಗಳಿಗೆ, ಪಶು ಆಹಾರಕ್ಕೆ ಬಳಕೆ ಇದೆ. ಬೆಲೆ ಅಸಿಟಿಕ್ ಆಸಿಡ್‌ನ ಹಲವು ಪಟ್ಟು.

ಬೇಕಾದ ಎರಡೂ ಸರಕು ಒಂದೇ ಕಾಂಪೌಂಡಿನೊಳಗೆ ಸಿಗುವುದು ಡಿಸ್ಟಿಲರಿಯಂಥ ಕಡೆ ಮಾತ್ರ. ಟ್ಯಾಂಕಿನ ಗ್ಯಾಸಿನಿಂದ ಅಸಿಟೇಟ್, ಪಕ್ಕದ ಟ್ಯಾಂಕಿನಿಂದ ಆಲ್ಕೋಹಾಲ್. ಕಾಗದದ ಮೇಲಿನ ಲೆಕ್ಕದಲ್ಲಿ 1 ಕೆಜಿ ಕ್ಯಾಪ್ರೊಯಿಕ್‌ಗೆ ಸುಮಾರು 1 ಲೀಟರ್ ಆಲ್ಕೋಹಾಲ್, ಅರ್ಧ ಕೆಜಿ ಅಸಿಟಿಕ್. ನಿಜದಲ್ಲಿ ಆಲ್ಕೋಹಾಲ್ ಸ್ವಲ್ಪ ಜಾಸ್ತಿಯೇ ಹೋಗುತ್ತದೆ. ಅರ್ಧ ಕೆಜಿ ಅಸಿಟಿಕ್‌ಗೆ ಕರೆಂಟ್ 4ರಿಂದ 6 ಯೂನಿಟ್. ಮೀಥೇನಿನ 26ರ ಪಕ್ಕ ಇಟ್ಟು ನೋಡಿ.

ಇನ್ನೊಂದು ಗುಣ. ಅಸಿಟಿಕ್ ನೀರಿನಲ್ಲಿ ಎಷ್ಟು ಬೇಕಾದರೂ ಕರಗುತ್ತದೆ. ಕ್ಯಾಪ್ರೊಯಿಕ್ ಲೀಟರಿಗೆ ಸುಮಾರು 10 ಗ್ರಾಂ ಮಾತ್ರ. ಹುಳಿ ಹೆಚ್ಚಿಸಿದರೆ ಎಣ್ಣೆಯ ಹಾಗೆ ಬೇರೆಯಾಗಿ ತೇಲುತ್ತದೆ. ತೊಡಕು ಇರುವುದೂ ಅಲ್ಲೇ: ಹುಳಿ ಹೆಚ್ಚಾದರೆ ಆ ಆಸಿಡ್ ತನ್ನನ್ನು ಮಾಡಿದ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ಆದ್ದರಿಂದ ಮಾಡುವ ಟ್ಯಾಂಕ್ ಬೇರೆ, ತೆಗೆಯುವ ಟ್ಯಾಂಕ್ ಬೇರೆ ಇರಬೇಕು. ಮಾರುಕಟ್ಟೆಯೂ ಸಣ್ಣದು. ಜಿಲ್ಲೆಯ ಎಲ್ಲಾ ಡಿಸ್ಟಿಲರಿಗಳೂ ಇದಕ್ಕೇ ಇಳಿದರೆ ಬೆಲೆ ಬಿದ್ದುಹೋಗುತ್ತದೆ.

ಕರೆಂಟ್ ಎಲ್ಲಿಂದ?

ನಾಲ್ಕರಲ್ಲಿ ಯಾವುದನ್ನು ಹಿಡಿದರೂ ಈ ಪ್ರಶ್ನೆ ತಪ್ಪಿದ್ದಲ್ಲ. ಬಾಟಲಿಯ ಎರಡು ಎಲೆಕ್ಟ್ರೋಡಿನ ನಡುವೆ 3 ವೋಲ್ಟ್ ಇದ್ದರೆ 1 ಕೆಜಿ ಅಸಿಟಿಕ್ ಆಸಿಡ್‌ಗೆ ಸುಮಾರು 10.7 ಯೂನಿಟ್ ಬೇಕು. ಎಲೆಕ್ಟ್ರೊಲೈಸರ್ ಮೂಲಕ ಹೋದರೆ 7 ಯೂನಿಟ್ ಸಾಕು. ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸರಾಸರಿ 700 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಬಹುಪಾಲು ಕಲ್ಲಿದ್ದಲಿನಿಂದ. 1 ಕೆಜಿ ಆಸಿಡ್ ಒಳಗೆ ಹಿಡಿದಿಡುವುದು ಒಂದೂವರೆ ಕೆಜಿಗೂ ಸ್ವಲ್ಪ ಕಡಿಮೆ. ಗ್ರಿಡ್ ಕರೆಂಟಿನಲ್ಲಿ 3 ವೋಲ್ಟ್ ಬಾಟಲಿ ನಡೆಸಿದರೆ ಒಂದೂವರೆ ಕೆಜಿ ಹಿಡಿಯಲು ಏಳೂವರೆ ಕೆಜಿ ಬಿಟ್ಟ ಹಾಗೆ. ಇದನ್ನು ಯಾರಾದರೂ ಪರಿಸರದ ಹೆಸರಿನಲ್ಲಿ ನಿಮಗೆ ಮಾರಲು ಬಂದರೆ ಕರೆಂಟ್ ಮೂಲ ಯಾವುದು ಅಂತ ಮೊದಲು ಕೇಳಿ.

ನಮ್ಮ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಸುಟ್ಟು ಕರೆಂಟ್ ಮಾಡುತ್ತಾರೆ. ಅದು ಕಬ್ಬೇ ಹಿಡಿದ ಇಂಗಾಲ, ಆದ್ದರಿಂದ ಲೆಕ್ಕ ಬಹಳ ಮಟ್ಟಿಗೆ ಸರಿಹೋಗುತ್ತದೆ. ಆದರೆ ಅದು ಅರೆಯುವ ಹಂಗಾಮಿನಲ್ಲಿ ಮಾತ್ರ ಧಾರಾಳ. ಮಿಕ್ಕ ತಿಂಗಳಿಗೆ ಸೋಲಾರ್ ನೋಡಬೇಕು. ಸೋಲಾರ್ ರಾತ್ರಿ ಇರುವುದಿಲ್ಲ. ಸಮಾಧಾನದ ಸುದ್ದಿ ಏನೆಂದರೆ, ಎಲೆಕ್ಟ್ರೋಡಿನ ಮೇಲಿನ ಜೀವಿಗಳು ಹಲವು ಗಂಟೆ ಕರೆಂಟ್ ಇಲ್ಲದಿದ್ದರೂ ಸಾಯುವುದಿಲ್ಲ, ಕರೆಂಟ್ ಬಂದಾಗ ಮತ್ತೆ ಕೆಲಸ ಹಿಡಿಯುತ್ತವೆ ಎಂದು ಪ್ರಯೋಗಗಳು ತೋರಿಸಿವೆ. ನಮ್ಮ ಬಾಟಲಿಯೂ ಇಡೀ ರಾತ್ರಿಯ ಪವರ್ ಕಟ್ ತಾಳಿಕೊಂಡಿತ್ತು.

ಗಾತ್ರ ಎಷ್ಟು ಅಂತ ಅಂದಾಜು ಸಿಗಲು: ಆ ಒಂದು ಡಿಸ್ಟಿಲರಿಯ ಎಲ್ಲಾ ಗ್ಯಾಸನ್ನೂ 3 ವೋಲ್ಟಿನಲ್ಲಿ ಅಸಿಟಿಕ್ ಮಾಡಲು ಹಗಲೂ ರಾತ್ರಿ ಸುಮಾರು 7 ಮೆಗಾವ್ಯಾಟ್ ಬೇಕು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ನಮ್ಮ ಶಿವನಸಮುದ್ರದ ಇವತ್ತಿನ ಸಾಮರ್ಥ್ಯ 42 ಮೆಗಾವ್ಯಾಟ್. ಅದರ ಆರನೇ ಒಂದು ಭಾಗ, ಒಂದೇ ಡಿಸ್ಟಿಲರಿಗೆ.

ಹಾಗಾದರೆ ಯಾರು ಯಾವುದನ್ನು ಹಿಡಿಯಬೇಕು

ನಾನು ಹೋಲಿಸುವ ಅಳತೆಗೋಲು ಒಂದೇ. ಹಾಕಿದ ಒಂದು ಯೂನಿಟ್ ಕರೆಂಟ್ ಎಷ್ಟು ರೂಪಾಯಿಯ ಸರಕಾಗಿ ವಾಪಸ್ ಬರುತ್ತದೆ? ಮೀಥೇನ್ ಆದರೆ 2–3 ರೂಪಾಯಿ. ಅಸಿಟಿಕ್ ಆದರೆ 4ರಿಂದ 6ರ ಸುತ್ತಮುತ್ತ, ಅದೂ ನೀರು ತೆಗೆಯುವ ಖರ್ಚನ್ನು ಲೆಕ್ಕಕ್ಕೆ ಹಿಡಿಯದೆ. ಪ್ರೋಟೀನ್ ಮನುಷ್ಯರ ಊಟಕ್ಕೆ ಹೋದರೆ ಮಾತ್ರ 7 ದಾಟುತ್ತದೆ. ಕ್ಯಾಪ್ರೊಯಿಕ್‌ನಲ್ಲಿ ಮೊದಲು ಆಲ್ಕೋಹಾಲಿನ ಬೆಲೆ, ಲೀಟರಿಗೆ 60 ರೂಪಾಯಿ ಆಸುಪಾಸು, ಕಳೆಯಬೇಕು. ಕಳೆದ ಮೇಲೂ ಉಳಿಯುವ ಹಣವನ್ನು ಐದಾರು ಯೂನಿಟ್‌ಗಷ್ಟೇ ಹಂಚುವುದರಿಂದ ಅದು ಮುಂದೆ ನಿಲ್ಲುತ್ತದೆ.

ಕಾಲೇಜಿನವರು ದಾರಿ 1 ಹಿಡಿಯಿರಿ. ಗದ್ದೆ ಕೆಸರು, ಕಾರ್ಬನ್ ಫೆಲ್ಟ್, ಒಳ್ಳೆ ಕಾರ್ಕ್ ಸಾಕು. ಹೈದರಾಬಾದಿನ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಐಐಸಿಟಿಯಲ್ಲಿ ಈ ಬಗೆಯ ಸಂಶೋಧನೆ ವರ್ಷಗಳಿಂದ ನಡೆಯುತ್ತಿದೆ, ಅವರ ಪ್ರಬಂಧಗಳನ್ನು ಓದಿ ಶುರು ಮಾಡಿದರೆ ಒಂದು ಸೆಮಿಸ್ಟರ್ ಉಳಿಯುತ್ತದೆ. ಮನೆಯಲ್ಲಿ ಗೋಬರ್ ಗ್ಯಾಸ್ ಇರುವ ರೈತರು ಸದ್ಯಕ್ಕೆ ಯಾವುದಕ್ಕೂ ಕೈ ಹಾಕಬೇಡಿ. ಮನೆಯ ಹಿತ್ತಿಲಲ್ಲಿ ಹೈಡ್ರೋಜನ್ ಇಟ್ಟುಕೊಳ್ಳುವುದು ಬೇಡವೇ ಬೇಡ.

ಡಿಸ್ಟಿಲರಿಯ ಗೆಳೆಯರಿಗೆ ಹೇಳಿದ್ದು ಇಷ್ಟು. ಮೊದಲು ಗ್ಯಾಸ್ ತೊಳೆದು ಸಿಲಿಂಡರ್ ತುಂಬಿಸುವ ಘಟಕ ಹಾಕಿ. ಸೋಡಾ, ಡ್ರೈ ಐಸ್, ವೆಲ್ಡಿಂಗ್‌ನವರು ಇವತ್ತೇ ಕೊಳ್ಳುತ್ತಾರೆ, ಮುಂದೆ ಯಾವ ಬ್ಯಾಕ್ಟೀರಿಯಾ ಬಂದರೂ ಅದಕ್ಕೆ ಬೇಕಾಗುವುದು ಅದೇ ತೊಳೆದ ಗ್ಯಾಸ್. ಆ ಪೈಪಿನಿಂದ ಒಂದು ಸಣ್ಣ ಕವಲು ತೆಗೆದು 100 ಲೀಟರ್ ಟ್ಯಾಂಕಿಗೆ ಕೊಡಿ, ಅದರಲ್ಲಿ ದಾರಿ 4ನ್ನು ಒಂದು ವರ್ಷ ನಡೆಸಿ ನೋಡಿ. ಅವರು ಪೆನ್ನು ತೆಗೆದು ಕೇಳಿದರು, "ಟ್ಯಾಂಕ್ ಎಲ್ಲಿಡೋದು?" ಆಫೀಸಿನಿಂದ ದೂರ, ಗಾಳಿ ಆ ಕಡೆಗೆ ಬೀಸದ ಜಾಗದಲ್ಲಿ ಅಂದೆ. ಹೋತದ ವಾಸನೆ ಒಂದು ಸಲ ಬಟ್ಟೆಗೆ ಹತ್ತಿದರೆ ಎರಡು ಒಗೆತಕ್ಕೂ ಹೋಗುವುದಿಲ್ಲ.